17–19 ಆದಾಗ ನಾನು ಗೋಡೆ ನೋಡುತ್ತೇನೆ

ಬೆಂಗಳೂರಿನ ಒಂದು ಬ್ಯಾಡ್ಮಿಂಟನ್ ಹಾಲಿನ ಗೋಡೆ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದಿದೆ. ಯಾವಾಗ ತುಂಬಿದ್ದು, ಮತ್ತೆ ಯಾವಾಗ ತುಂಬಬೇಕು ಅಂತ ಅದಕ್ಕೊಂದು ಚೀಟಿ ಅಂಟಿಸಿದ್ದಾರೆ. ಮತ್ತೆ ತುಂಬಬೇಕಾದ ತಾರೀಖು ದಾಟಿ 8 ತಿಂಗಳಾಗಿತ್ತು. ಚೀಟಿಯ ಕೆಳಗಿನ ಮೂಲೆ ಹರಿದಿತ್ತು, ಸಹಿ ಅರ್ಧ ಮಾತ್ರ ಉಳಿದಿತ್ತು. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಕೆಳಗೆ ಕೋರ್ಟಿನಲ್ಲಿ ನನ್ನ ಮಗಳು ಮೂರನೇ ಗೇಮಿನಲ್ಲಿ 17–19 ಹಿಂದಿದ್ದಳು, ಅವಳ ಆಟ ನೋಡಲೆಂದೇ ಮೈಸೂರಿಂದ ಬೆಳಗಿನ ಜಾವ ಎದ್ದು ಬಂದಿದ್ದ ನಾನು ಸಿಲಿಂಡರಿನ ಚೀಟಿ ಓದುತ್ತಾ ಕೂತಿದ್ದೆ.

ನನ್ನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. 20 ವರ್ಷದಿಂದ ನಡೆಸುತ್ತಿದ್ದೇನೆ. ವೈರು, ಪೈಪು, ಸ್ವಿಚ್ಚು ಎಲ್ಲ ಉದ್ರಿ ತಗೊಂಡು ನಾಪತ್ತೆಯಾದ ಕಂಟ್ರಾಕ್ಟರುಗಳನ್ನು ನೋಡಿದ್ದೇನೆ. ಲಾಕ್‌ಡೌನಿನಲ್ಲಿ ಶಟರ್ ಎತ್ತದೆ ಮನೆಯಲ್ಲಿ ಕೂತು ಬಾಡಿಗೆ ಕಟ್ಟಿದ್ದೇನೆ. ಆಗೆಲ್ಲ ರಾತ್ರಿ ನಿದ್ದೆ ಬಂದಿದೆ. ಮಗಳ ಮ್ಯಾಚಿನ ಹಿಂದಿನ ರಾತ್ರಿ ಮಾತ್ರ ಬರುವುದಿಲ್ಲ. 16 ಗರಿ ಸಿಕ್ಕಿಸಿದ, ಹೆಚ್ಚು ಕಮ್ಮಿ 5 ಗ್ರಾಂ ತೂಗುವ ಒಂದು ಶಟಲ್ 82 ಕೆಜಿಯ ಈ ಆಸಾಮಿಯನ್ನು ಹೀಗೆ ಅಲ್ಲಾಡಿಸುತ್ತೆ ಅಂದರೆ ಯಾರ ಹತ್ತಿರ ಹೇಳಿಕೊಳ್ಳೋದು?

ಮೈಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ಇದು ಆದವರಿಗೆ ಗೊತ್ತಾಗುತ್ತದೆ. ಮೊದಲು ಅಂಗೈ ತಣ್ಣಗಾಗುತ್ತದೆ. ಆಮೇಲೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಬಾಯಿ ಒಣಗುತ್ತದೆ, ನೀರು ಕುಡಿದರೆ ಐದೇ ನಿಮಿಷಕ್ಕೆ ಬಾತ್‌ರೂಮಿಗೆ ಓಡಬೇಕು, ಓಡಿದರೆ ಅಷ್ಟರೊಳಗೆ ನಾಲ್ಕು ಪಾಯಿಂಟ್ ಹೋಗಿರುತ್ತದೆ, ಆ ನಾಲ್ಕೂ ನಾನು ಎದ್ದು ಹೋದದ್ದಕ್ಕೇ ಹೋಯಿತು ಅನ್ನಿಸುತ್ತದೆ. ಅವಳು ಸ್ಮ್ಯಾಶ್ ಮಾಡಲು ಹಾರಿದರೆ ಇಲ್ಲಿ ಕುರ್ಚಿಯಲ್ಲಿ ನನ್ನ ಬಲಭುಜ ಎದ್ದಿರುತ್ತದೆ. ಒಮ್ಮೆ ಹಾಗೆ ಎದ್ದ ಕೈ ಪಕ್ಕದವರ ಕಾಫಿ ಲೋಟಕ್ಕೆ ತಾಗಿ ಅವರ ಬಿಳಿ ಪಂಚೆ ಮೇಲೆ ಬಿತ್ತು. ಪುಣ್ಯಕ್ಕೆ ಅವರ ಮೊಮ್ಮಗನೂ ಆಡುತ್ತಿದ್ದ. ಕೋರ್ಟಿನಿಂದ ಕಣ್ಣು ತೆಗೆಯದೇ "ಇರ್ಲಿ ಬಿಡಿ" ಅಂದರು.

ನಾನು ಚಿಕ್ಕವನಿದ್ದಾಗ ಈ ಆಟ 15 ಪಾಯಿಂಟಿನದ್ದು. ಸರ್ವೀಸ್ ಮಾಡಿದವರಿಗೆ ಮಾತ್ರ ಪಾಯಿಂಟ್. ಸರ್ವೀಸ್ ಕಳೆದುಕೊಂಡರೂ ಸ್ಕೋರ್ ಇದ್ದಲ್ಲೇ ಇರುತ್ತಿತ್ತು, ನೋಡುವವರಿಗೆ ಉಸಿರು ಬಿಡಲು ಸ್ವಲ್ಪ ಜಾಗ ಇತ್ತು. 2006ರಿಂದ 21 ಪಾಯಿಂಟಿನ ಲೆಕ್ಕ ಬಂತು, ಯಾರೇ ಸರ್ವೀಸ್ ಮಾಡಲಿ, ಪ್ರತಿ ರ‍್ಯಾಲಿಗೂ ಯಾರಿಗೋ ಒಂದು ಪಾಯಿಂಟ್. 20–20 ಆದರೆ ಎರಡು ಪಾಯಿಂಟ್ ಮುಂದೆ ಹೋಗುವವರೆಗೆ ಮುಗಿಯುವುದಿಲ್ಲ, 29–29 ತನಕ ಎಳೆದರೆ 30 ಮೊದಲು ಮುಟ್ಟಿದವರು ಗೆದ್ದರು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಕೂತು ಲೆಕ್ಕ ಹಾಕಿದ್ದೇನೆ. ಮೂರೂ ಗೇಮ್ 30–29 ಆದರೆ ಒಂದು ಮ್ಯಾಚಿನಲ್ಲಿ 177 ಪಾಯಿಂಟ್. ಅಂದರೆ 177 ಸಲ ಹೊಟ್ಟೆ ಹಿಂಡಿಸಿಕೊಳ್ಳಬಹುದು.

ಇದಕ್ಕೆ ಹೋಲಿಸಿದರೆ ಮಗನ ಆಟ ನೋಡುವುದು ಸುಖ. ಅವನಿಗೆ 9 ವರ್ಷ, ಶಾಲೆಯಲ್ಲಿ ಖೋ ಖೋ ಆಡುತ್ತಾನೆ. ನಮ್ಮ ಮೈಸೂರು ಸೀಮೆಯಲ್ಲಿ ಖೋ ಖೋಗೆ ಈಗ ಒಳ್ಳೆ ಮರ್ಯಾದೆ ಬಂದಿದೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ಗೆದ್ದ ತಂಡದಲ್ಲಿ ಇದ್ದಳಲ್ಲ, ಆವತ್ತಿಂದ ನಮ್ಮ ಹುಡುಗನ ಶಾಲೆಯಲ್ಲಿ ಖೋ ಖೋ ಆಡುತ್ತೇನೆ ಅನ್ನುವ ಮಕ್ಕಳು ಜಾಸ್ತಿಯಾಗಿದ್ದಾರೆ. ಅಟ್ಟಿಸಿಕೊಂಡು ಹೋಗುವ ತಂಡದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ. ನನ್ನವನು ಆ ಎಂಟರಲ್ಲಿ ಒಬ್ಬ. ತಪ್ಪಾದರೆ ಎಲ್ಲರ ಮೇಲೂ ಹಂಚಿ ಹೋಗುತ್ತದೆ. ಸೋತು ಬಂದರೂ ಏಳು ಜನರ ಭುಜದ ಮೇಲೆ ಕೈ ಹಾಕಿಕೊಂಡೇ ಬರುತ್ತಾನೆ. ಬ್ಯಾಡ್ಮಿಂಟನ್ ಸಿಂಗಲ್ಸಿನಲ್ಲಿ ಹಾಗಿಲ್ಲ. 13.4 ಮೀಟರ್ ಉದ್ದದ ಕೋರ್ಟಿನ ಅರ್ಧದಲ್ಲಿ ಅವಳೊಬ್ಬಳೇ. ಹನ್ನೆರಡು ವರ್ಷದ ಹುಡುಗಿ, ಪಕ್ಕಕ್ಕೆ ತಿರುಗಿ "ಈಗೇನು ಮಾಡಲಿ" ಅಂತ ಕೇಳಲು ಯಾರೂ ಇರುವುದಿಲ್ಲ. ಆಗ ಅವಳು ತಲೆ ಎತ್ತಿ ಗ್ಯಾಲರಿ ನೋಡುತ್ತಾಳೆ. ಗ್ಯಾಲರಿಯಲ್ಲಿ ನಾನಿರುತ್ತೇನೆ.

ಈ ಮಾತಿಗೆ ಆಮೇಲೆ ಬರುತ್ತೇನೆ.

ಟೂರ್ನಮೆಂಟ್ ಅಂದರೆ ಮ್ಯಾಚ್ ಅಂತ ಅಂದುಕೊಂಡಿದ್ದೆ. ಅಲ್ಲ, ಟೂರ್ನಮೆಂಟ್ ಅಂದರೆ ಕಾಯುವುದು. ಬೆಳಿಗ್ಗೆ ಎಂಟೂವರೆಗೆ ರಿಪೋರ್ಟ್ ಮಾಡಿ ಅಂತಾರೆ. ಅದಕ್ಕಾಗಿ ನಾಲ್ಕು ಗಂಟೆಗೆ ಏಳಬೇಕು. ಹೊಸ ಹೆದ್ದಾರಿ ಬಂದ ಮೇಲೆ ಬೇಗ ಮುಟ್ಟುತ್ತೇವೆ ನಿಜ, ಆದರೆ ಅದು ಮದ್ದೂರನ್ನೂ ಬಿಡದಿಯನ್ನೂ ಹೊರಗಿಂದಲೇ ದಾಟಿಸಿಬಿಡುವುದರಿಂದ ವಡೆಯೂ ಇಲ್ಲ, ತಟ್ಟೆ ಇಡ್ಲಿಯೂ ಇಲ್ಲ, ಮನೆಯಿಂದ ತಂದ ಚಪಾತಿ ಸುರುಳಿಯೇ ಗತಿ. ಹೋಗಿ ಹೆಸರು ಬರೆಸಿದರೆ ಮ್ಯಾಚ್ ಮಧ್ಯಾಹ್ನ ಎರಡೂವರೆಗೆ. ಆ ಆರು ಗಂಟೆ ಏನು ಮಾಡುವುದು? ಮಕ್ಕಳು ಆರಾಮಾಗಿರುತ್ತಾರೆ. ಕಿಟ್ ಬ್ಯಾಗ್ ಮೇಲೆ ತಲೆ ಇಟ್ಟು ಮಲಗುತ್ತಾರೆ, ಒಬ್ಬರಿಗೊಬ್ಬರು ಗ್ರಿಪ್ ಸುತ್ತಿಕೊಡುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಎದುರಾಬದುರಾ ನಿಲ್ಲಬೇಕಾದ ಇಬ್ಬರು ಒಂದೇ ಇಯರ್‌ಫೋನಿನ ಎರಡು ತುದಿ ಕಿವಿಗೆ ಸಿಕ್ಕಿಸಿಕೊಂಡಿರುತ್ತಾರೆ. ಒದ್ದಾಡುವವರು ನಾವು. ಯಾರಿಗೆ ಯಾರು ಎದುರು ಅಂತ ಬರೆದು ಗೋಡೆಗೆ ಅಂಟಿಸಿದ ಡ್ರಾ ಹಾಳೆಯ ಫೋಟೋ ತೆಗೆದು, ದೊಡ್ಡದು ಮಾಡಿ, ಈ ಹುಡುಗಿ ಗೆದ್ದರೆ ಮುಂದೆ ಯಾರು ಸಿಗುತ್ತಾರೆ, ಆ ಸೀಡ್ ಹುಡುಗಿ ಯಾವ ಅಕಾಡೆಮಿ, ಅವಳಿಗೆ ದಿನಕ್ಕೆ ಎಷ್ಟು ಗಂಟೆ ಕೋಚಿಂಗ್, ಎತ್ತರ ಎಷ್ಟಿದ್ದಾಳೆ ನೋಡಿದ್ರಾ, ನಿಜವಾಗಿಯೂ ಹದಿಮೂರರ ಒಳಗೇನಾ… ಹೀಗೆ ಸಂಬಂಧ ಕುದುರಿಸುವ ಮನೆಯವರ ಹಾಗೆ ವಿಚಾರಿಸುತ್ತಾ ತಿರುಗುತ್ತಿರುತ್ತೇವೆ.

ದುಡ್ಡಿನ ಮಾತೂ ಬಂದೇ ಬರುತ್ತದೆ. ಗರಿ ಶಟಲ್ 12ರ ಒಂದು ಡಬ್ಬಕ್ಕೆ ಸಾವಿರ ರೂಪಾಯಿ ಮೇಲೆ. ರ‍್ಯಾಕೆಟ್ಟಿನ ದಾರ, ಅಂದರೆ ಗಟ್, ಹರಿದರೆ ಗಟ್ಟಿಂಗ್. ಆರು ತಿಂಗಳಿಗೆ ಶೂ ಸವೆಯುತ್ತದೆ, ಸವೆಯದಿದ್ದರೆ ಕಾಲು ಬೆಳೆದಿರುತ್ತದೆ. ಕೋಚಿಂಗ್ ಫೀಸು, ಎಂಟ್ರಿ ಫೀಸು, ಪೆಟ್ರೋಲು. ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ನಮ್ಮ ನಡುಕದಲ್ಲಿ ಇದರದ್ದೂ ಒಂದು ಪಾಲಿದೆ, ನಾವು ಒಪ್ಪಿಕೊಳ್ಳುವುದಿಲ್ಲ ಅಷ್ಟೆ. "ಗೆಲ್ಲೋದು ಸೋಲೋದು ಮುಖ್ಯ ಅಲ್ಲ ಪುಟ್ಟಾ" ಅಂತ ಬಾಯಲ್ಲಿ ಹೇಳುವಾಗ ಒಳಗೊಬ್ಬ ಅಂಗಡಿಯವನು ಲೆಕ್ಕದ ಪುಸ್ತಕ ತೆಗೆದಿರುತ್ತಾನೆ.

ಇನ್ನು ನನ್ನ ಮೂಢನಂಬಿಕೆಗಳು. ಒಂದು ನೀಲಿ ಚೌಕಳಿ ಅಂಗಿ ಇದೆ, ಅವಳು ಮೊದಲ ಸಲ ಕ್ವಾರ್ಟರ್ ಫೈನಲ್ ಮುಟ್ಟಿದಾಗ ಹಾಕಿದ್ದದ್ದು. ಈಗ ಕಾಲರ್ ಹರಿದಿದೆ. ಹೆಂಡತಿ ಎರಡು ಸಲ ಒರೆಸುವ ಬಟ್ಟೆ ಮಾಡಲು ಹೊರಟಿದ್ದಳು, ಎರಡು ಸಲವೂ ಉಳಿಸಿಕೊಂಡೆ. ಗೆಲ್ಲುತ್ತಿರುವಾಗ ಕಾಲ ಮೇಲೆ ಕಾಲು ಹಾಕಿದ್ದರೆ ಹಾಗೇ ಇರಬೇಕು, ಜೋಮು ಹಿಡಿದರೂ ಇಳಿಸುವಂತಿಲ್ಲ. ಹೆಂಡತಿ ಫೋನ್ ಮಾಡಿ "ಎಷ್ಟಾಯ್ತು ರೀ?" ಅಂದರೆ ಹೇಳುವುದಿಲ್ಲ, ಹೇಳಿದ ಕೂಡಲೇ ತಿರುಗುತ್ತದೆ. ಅವಳೂ ಕಮ್ಮಿಯಿಲ್ಲ. ಮ್ಯಾಚ್ ದಿನ ಬೇಕಂತಲೇ ಅಟ್ಟದ ಪಾತ್ರೆ ಇಳಿಸಿಕೊಂಡು ಉಜ್ಜುತ್ತಾ ಕೂರುತ್ತಾಳೆ. ನಮ್ಮಮ್ಮನಂತೂ ನಂಜನಗೂಡು ನಂಜುಂಡಸ್ವಾಮಿಗೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮನೆಯಲ್ಲಿ ಇಟ್ಟುಬಿಟ್ಟಿದ್ದಾರೆ. ಏನು ಬೇಡಿಕೊಂಡೆಯಮ್ಮಾ, ಗೆಲ್ಲಲಿ ಅಂತಾನಾ ಅಂದೆ. "ಗೆಲ್ಲೋದೆಲ್ಲ ನಂಗೆ ಗೊತ್ತಿಲ್ಲಪ್ಪ, ಕಾಲು ಉಳುಕದೆ ಬರ್ಲಿ ಅಂತ" ಅಂದರು.

ಈಗ ಹೇಳಲು ನಾಚಿಕೆಯಾಗುವ ವಿಷಯ.

ಎರಡು ವರ್ಷದ ಹಿಂದೆ. ಮಗಳಿಗೆ ಹತ್ತು. ಊರು ಬೇಡ, ಹಾಲ್ ಬೇಡ. ಸಣ್ಣ ಟೂರ್ನಮೆಂಟುಗಳಲ್ಲಿ ಮೊದಲ ಸುತ್ತುಗಳಿಗೆ ಅಂಪೈರುಗಳು ಸಾಲುವುದಿಲ್ಲ. ನಾವು ಹೋದ ಎಷ್ಟೋ ಕಡೆ ಒಂದು ಪದ್ಧತಿ, ಹಿಂದಿನ ಮ್ಯಾಚಿನಲ್ಲಿ ಆಡಿದ ಮಕ್ಕಳಲ್ಲೇ ಒಬ್ಬರನ್ನು ಕೂರಿಸಿ ಸ್ಕೋರ್ ಹೇಳಿಸುತ್ತಾರೆ. ಆ ದಿನ ಕೂತಿದ್ದಳು ಒಬ್ಬ ಹುಡುಗಿ, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಎರಡು ಜಡೆ, ಮೊಣಕಾಲಿಗೆ ಕಪ್ಪು ಪಟ್ಟಿ. ಎತ್ತರದ ಕುರ್ಚಿ ಇರಲಿಲ್ಲ, ಪ್ಲಾಸ್ಟಿಕ್ ಕುರ್ಚಿ. ದನಿ ಸಣ್ಣದು. ಮೊದಲ ಗೇಮ್ ನಮ್ಮದು. ಎರಡನೆಯದು ಹೋಯಿತು. ಮೂರನೆಯದರಲ್ಲಿ 18–18. ಎದುರಾಳಿಯ ಸರ್ವೀಸ್ ನೆಟ್ಟಿನ ಮೇಲಂಚಿಗೆ ತಾಗಿ, ಒಂದು ಕ್ಷಣ ಅಲ್ಲೇ ಯೋಚನೆ ಮಾಡಿದ ಹಾಗೆ ನಿಂತು, ನಮ್ಮ ಕಡೆ ಬಿತ್ತು. ಮಗಳು ಮುಗ್ಗರಿಸಿದಳು, ಸಿಗಲಿಲ್ಲ.

ನಾನು ಎದ್ದು ನಿಂತು ಕೂಗಿದೆ. "ಲೆಟ್! ಲೆಟ್ ಅದು! ನೆಟ್ ತಾಗಿದೆ, ಕಾಣ್ಸಲ್ವಾ ನಿಂಗೆ?" ಲೆಟ್ ಅಂದರೆ ಆ ಸರ್ವೀಸ್ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು ಅಂತ.

ಇಡೀ ಹಾಲ್ ಸುಮ್ಮನಾಯಿತು. ಪಕ್ಕದ ಕೋರ್ಟಿನವರೂ ಆಟ ನಿಲ್ಲಿಸಿ ನೋಡಿದರು.

ಎರಡು ಜಡೆಯ ಹುಡುಗಿ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಟೀಚರ್ ಮುಂದೆ ಉತ್ತರ ಹೇಳುವ ಹಾಗೆ ಹೇಳಿದಳು: "ಸರ್ವೀಸ್ ನೆಟ್ ತಾಗಿ ಒಳಗೆ ಬಿದ್ರೆ ಪಾಯಿಂಟೇ ಅಂಕಲ್. ಟೆನ್ನಿಸಲ್ಲಿ ಲೆಟ್ ಕೊಡೋದು."

ಅವಳು ಹೇಳಿದ್ದು ಸರಿ. ಅದು ನನಗೂ ಗೊತ್ತಿತ್ತು! ಎರಡು ವರ್ಷದಿಂದ ಕೋರ್ಟ್ ಪಕ್ಕ ಕೂತವನಿಗೆ ಗೊತ್ತಿಲ್ಲದೆ ಏನು? ಆದರೆ ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ರೂಲ್ ಅಲ್ಲ, 18–19 ಅನ್ನುವ ನಂಬರ್. ಕೂತೆ. ಮಗಳು ನನ್ನ ಕಡೆ ನೋಡಲೇ ಇಲ್ಲ. ಆಮೇಲಿನ ಎರಡು ಪಾಯಿಂಟ್ ಎರಡು ನಿಮಿಷದಲ್ಲಿ ಹೋಯಿತು, ಕೊನೆಯದರಲ್ಲಿ ಅವಳು ಸರಿಯಾಗಿ ರ‍್ಯಾಕೆಟ್ ಎತ್ತಲೂ ಇಲ್ಲ ಅನ್ನಿಸಿತು ನನಗೆ.

ಸಂಜೆ ಹಾಲಿನ ಹೊರಗಿನ ಟೀ ಅಂಗಡಿಯಲ್ಲಿ ಆ ಎರಡು ಜಡೆಯವಳು ಅಪ್ಪನ ಜೊತೆ ನಿಂತು ಬನ್ ತಿನ್ನುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ನಾನು ಹೋಗಿ, ಸಾರಿ ಕಣಮ್ಮಾ, ಅಂಕಲ್‌ಗೆ ಆ ಟೈಮಲ್ಲಿ ಏನೋ ಆಗೋಯ್ತು ಅಂದೆ. ಅವಳು "ಪರ್ವಾಗಿಲ್ಲ ಅಂಕಲ್" ಅಂದು ಬನ್ನಿನ ಕಡೆ ನೋಡಿದಳು. ಅವರಪ್ಪ ನನಗಿಂತ ಚಿಕ್ಕವರು, ಯಾವುದೋ ಫ್ಯಾಕ್ಟರಿಯ ಐಡಿ ಕಾರ್ಡ್ ಇನ್ನೂ ಕೊರಳಲ್ಲಿತ್ತು, ಶಿಫ್ಟ್ ಮುಗಿಸಿ ನೇರ ಬಂದಿದ್ದಾರೇನೋ. ಅವರು ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸಾರ್. ಅವಳು ಅತ್ತಿದ್ದು ಅದಕ್ಕಲ್ಲ. ಅದರ ಹಿಂದಿನ ಮ್ಯಾಚಲ್ಲಿ ಅವಳೇ ಸೋತಿದ್ಲು, 22–20. ಸೋತು ಮುಖನೂ ತೊಳ್ಕೊಂಡಿರ್ಲಿಲ್ಲ, ಕರೆದು ಕೂರಿಸ್ಬಿಟ್ರು."

ಟೀ ದುಡ್ಡು ನಾನು ಕೊಡುತ್ತೇನೆ ಅಂದೆ. ಅವರು ಆಗಲೇ ಕೊಟ್ಟಾಗಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತಿಲ್ಲ. ರಾಮನಗರದ ಬಂಡೆಗಳು ಕತ್ತಲಲ್ಲಿ ಕಂಡೂ ಕಾಣದ ಹಾಗೆ ಹೋದವು. ಮಂಡ್ಯ ದಾಟಿದ ಮೇಲೆ ನಾನೇ ಬಾಯಿಬಿಟ್ಟೆ, ಇನ್ಮೇಲೆ ಕೂಗಲ್ಲ ಅಂತ. ಅವಳು ಕಿಟಕಿಯಿಂದ ತಲೆ ತಿರುಗಿಸದೆ "ಕೂಗೋದು ಓಕೆ ಅಪ್ಪ, ಅದು ಒಂದ್ಸಲ ಅಷ್ಟೇ ತಾನೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಗೋಡೆ ನೋಡ್ತೀಯಲ್ಲ, ಅದು ಬೇಡ."

ಯಾವ ಗೋಡೆ ಅಂದೆ.

"ನಾನು ಹಿಂದೆ ಇದ್ದಾಗ ನೀನು ಗೋಡೆ ನೋಡ್ತೀಯ. ನಾನು ಮೇಲೆ ನೋಡಿದಾಗೆಲ್ಲ ನೀನು ಗೋಡೆ ಕಡೆ ತಿರುಗಿರ್ತೀಯ. ಆಗ ನಂಗೆ ಗೊತ್ತಾಗುತ್ತೆ, ಸೋತೆ ಅಂತ ನೀನು ಆಗ್ಲೇ ಅಂದ್ಕೊಂಡಾಯ್ತು ಅಂತ."

ನೋಡಿ, ಅದು ನನ್ನೊಬ್ಬನ ಗುಟ್ಟು ಅಂದುಕೊಂಡಿದ್ದೆ. ನನ್ನ ಪುಕ್ಕಲುತನ, ನನ್ನ ಹೊಟ್ಟೆನೋವು, ಅದನ್ನು ಗೋಡೆಗೆ ಒಪ್ಪಿಸಿ ಅವಳಿಂದ ಮುಚ್ಚಿಟ್ಟಿದ್ದೇನೆ ಅಂತ. ಅವಳು ಪ್ರತಿ ಸಲ ಅದನ್ನು ಓದಿದ್ದಳು, ಬೇರೆಯೇ ಅರ್ಥದಲ್ಲಿ. ಎದುರಾಳಿಯ ಸ್ಮ್ಯಾಶ್ ತಡೆಯುವುದು ಒಂದು ಕೆಲಸ, ಅಪ್ಪನ ಕತ್ತು ಯಾವ ಕಡೆ ತಿರುಗಿದೆ ಅಂತ ನೋಡಿಕೊಳ್ಳುವುದು ಇನ್ನೊಂದು. ಹತ್ತು ವರ್ಷದವಳು ಎರಡನ್ನೂ ಮಾಡುತ್ತಿದ್ದಳು.

ಆ ರಾತ್ರಿ ಮನೆಗೆ ಬಂದು ನಿದ್ದೆ ಬಾರದೆ ಪ್ರಕಾಶ್ ಪಡುಕೋಣೆ ಬಗ್ಗೆ ಓದಿದೆ. ಮಕ್ಕಳನ್ನು ಬ್ಯಾಡ್ಮಿಂಟನ್ನಿಗೆ ಹಾಕಿದ ಕನ್ನಡದ ಅಪ್ಪ ಅಮ್ಮಂದಿರು ಒಂದಲ್ಲ ಒಂದು ರಾತ್ರಿ ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಅವರು ಆಟ ಕಲಿತದ್ದು, ಮದುವೆ ಇದ್ದ ದಿನ ಆಟಕ್ಕೆ ರಜ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಟೂರ್ನಮೆಂಟ್ ಗೆದ್ದದ್ದು ಎಲ್ಲರಿಗೂ ಗೊತ್ತು. ನನಗೆ ಕಣ್ಣು ನಿಂತದ್ದು 1962ರ ಮೇಲೆ. ಏಳು ವರ್ಷದ ಹುಡುಗ, ರಾಜ್ಯ ಜೂನಿಯರ್ ಟೂರ್ನಮೆಂಟು, ಮೊದಲ ಸುತ್ತಿನಲ್ಲೇ ಸೋಲು. ಎರಡು ವರ್ಷ ಆದ ಮೇಲೆ ಅದನ್ನೇ ಗೆದ್ದರು, ಸರಿ. ಆದರೆ 1962ರ ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲವಲ್ಲ. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದವರು. ಆಟ ಬಲ್ಲ ಅಪ್ಪ. ನನ್ನ ಹಾಗೆ ಲೆಟ್ ಅಂತ ಕೂಗುವ ಪೈಕಿ ಅಲ್ಲ.

ನಮ್ಮ ಡಾಕ್ಟರ ಹತ್ತಿರ ಬಿ.ಪಿ. ತೋರಿಸಲು ಹೋದಾಗ ಈ ಕತೆಯೆಲ್ಲ ಹೇಳಿದೆ. ಅವರು ನಕ್ಕು ಒಂದು ಜರ್ಮನಿಯ ಸಂಶೋಧನೆ ಹೇಳಿದರು. 2006ರ ಫುಟ್‌ಬಾಲ್ ವಿಶ್ವಕಪ್ ಅಲ್ಲೇ ನಡೆದಾಗ, ಜರ್ಮನಿ ತಂಡದ ಮ್ಯಾಚ್ ಇದ್ದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತೊಂದರೆಗೆ ತುರ್ತು ಚಿಕಿತ್ಸೆ ಬೇಕಾದವರ ಸಂಖ್ಯೆ ಬೇರೆ ದಿನಗಳಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿಯಾಗಿತ್ತಂತೆ. ಅವರು ಬರೀ ನೋಡುತ್ತಿದ್ದವರು, ಆಡುತ್ತಿದ್ದವರು ಅವರ ಮಕ್ಕಳೂ ಅಲ್ಲ. "ಆಡೋವ್ಳು ಓಡಾಡಿ ಬೆವರಲ್ಲಿ ಕಳೀತಾಳೆ. ನೀವು ಕೂತ್ಕೊಂಡು ಒಳಗೇ ಇಟ್ಕೊಳ್ತೀರ. ಕೈಗೆ ಏನಾದ್ರೂ ಕೆಲಸ ಕೊಡಿ" ಅಂದರು ಡಾಕ್ಟರು. ಮಾತ್ರೆಯನ್ನೂ ಬರೆದರು, ಅದು ಬೇರೆ.

ಕೈಗೆ ಕೆಲಸ ಸಿಕ್ಕಿದ್ದು ಅವಳ ಕೋಚ್ ಕಡೆಯಿಂದ. ಅವರಿಗೆ ನನ್ನ ಕಾಟ ಸಾಕಾಗಿತ್ತು ಅನ್ನಿಸುತ್ತದೆ. ಪ್ರತಿ ಮ್ಯಾಚ್ ಆದ ಮೇಲೂ ಫೋನ್ ಮಾಡಿ "ಸಾರ್, ಬ್ಯಾಕ್‌ಹ್ಯಾಂಡ್ ವೀಕು, ಬ್ಯಾಕ್‌ಹ್ಯಾಂಡಲ್ಲೇ ಎಲ್ಲ ಪಾಯಿಂಟು ಹೋಗ್ತಿದೆ" ಅಂತ ಕೊರೆಯುತ್ತಿದ್ದೆ. ಒಂದು ದಿನ ಅವರು, "ಒಂದು ಕೆಲಸ ಮಾಡಿ, ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ಪಾಯಿಂಟ್ ಹೇಗೆ ಮುಗೀತು ಅಂತ ಬರೀರಿ, ನೆಟ್‌ಗೆ ಹೋಯ್ತಾ, ಔಟಾ, ಅವಳೇ ಹೊಡೆದದ್ದಾ, ಎದುರಾಳಿ ಹೊಡೆದದ್ದಾ. ಮೂರು ಮ್ಯಾಚ್ ಬರೆದು ಆಮೇಲೆ ಫೋನ್ ಮಾಡಿ" ಅಂದರು. ಅಲ್ಲಿವರೆಗೆ ಮಾಡಬೇಡಿ ಅಂತ ಅದರರ್ಥ.

ಅಂಗಡಿಯ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಯಲು ಶುರು ಮಾಡಿದೆ. ನೆಟ್‌ಗೆ ನೆ, ಔಟ್‌ಗೆ ಔ, ಬ್ಯಾಕ್‌ಹ್ಯಾಂಡ್ ಆದರೆ ಕೆಳಗೊಂದು ಗೆರೆ. ಬರೆಯಬೇಕು ಅಂದರೆ ನೋಡಲೇಬೇಕು. 17–19 ಆದರೂ ನೋಡಬೇಕು. ಇದು ಎಷ್ಟು ಕಷ್ಟ ಅಂತ ಹೇಳಲಾರೆ, ಮೊದಲ ಮ್ಯಾಚಿನಲ್ಲಿ ಪೆನ್ ಹಿಡಿದ ಬೆರಳು ಸೆಟೆದುಕೊಂಡಿತ್ತು. ಆದರೆ ಒಂದು ವಿಚಿತ್ರ ಆಯಿತು. ಶಟಲ್ ಕೆಳಗೆ ಬಿದ್ದ ಕೂಡಲೇ ಮೊದಲು "ಅಯ್ಯೋ" ಬರುತ್ತಿತ್ತು, ಈಗ "ಔಟಾ ನೆಟ್ಟಾ" ಬರುತ್ತದೆ. ಅಯ್ಯೋ ಆಮೇಲೆ ಬರುತ್ತದೆ, ಆದರೆ ಅಷ್ಟರೊಳಗೆ ಮುಂದಿನ ಸರ್ವೀಸ್ ಆಗಿರುತ್ತದೆ.

ಮೂರು ಮ್ಯಾಚ್ ಮುಗಿದು ಲೆಕ್ಕ ಕೂಡಿಸಿದರೆ, ಅವಳು ಕಳೆದುಕೊಂಡ 118 ಪಾಯಿಂಟಿನಲ್ಲಿ ಬ್ಯಾಕ್‌ಹ್ಯಾಂಡಿನದ್ದು 13. ಬರೀ 13! ಒಂದು ವರ್ಷ ಆ ಕೋಚಿನ ಕಿವಿ ತಿಂದಿದ್ದೆ ನಾನು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಂಡಿತು. ಯಾರಾದರೂ 11 ಮುಟ್ಟಿದಾಗ 60 ಸೆಕೆಂಡ್ ಬ್ರೇಕ್ ಇರುತ್ತದಲ್ಲ, ಆ ಬ್ರೇಕ್ ಆದ ಮೇಲಿನ ಐದು ಪಾಯಿಂಟುಗಳಲ್ಲಿ ಅವಳು ಹೆಚ್ಚುಕಮ್ಮಿ ಪ್ರತಿ ಸಲ ನಾಲ್ಕು ಕಳೆದುಕೊಂಡಿದ್ದಳು. ಯಾಕೆ ಅಂತ ತುಂಬಾ ಹೊತ್ತು ಯೋಚಿಸಿದೆ. ಕೋಚಿಗೆ ಒಂದೇ ದಿನ ನಾಲ್ಕು ಕೋರ್ಟಿನಲ್ಲಿ ಎಂಟು ಮಕ್ಕಳು, ಪ್ರತಿ ಬ್ರೇಕಿಗೂ ಬರಲಾಗುವುದಿಲ್ಲ. ಅವರು ಬಾರದಿದ್ದಾಗ ಗ್ಯಾಲರಿಯ ಕಂಬಿ ಹಿಡಿದು ಬಗ್ಗಿ, ಬಲಗಡೆ ಹಾಕು, ಡ್ರಾಪ್ ಜಾಸ್ತಿ ಮಾಡು, ಕಾಲು ಎತ್ತು, ನೀರು ಕುಡಿ, ಅರ್ಜೆಂಟ್ ಮಾಡಬೇಡ, ಬೇಗ ಬೇಗ ಆಡು ಅಂತ ಒಂದೇ ನಿಮಿಷದಲ್ಲಿ ಹತ್ತು ಮಾತು ಹೇಳುತ್ತಿದ್ದವನು ಯಾರು?

ಕೋಚಿಗೆ ಫೋನ್ ಮಾಡಿ 118, 13 ಎಲ್ಲ ಹೇಳಿದೆ. ಬ್ರೇಕಿನ ವಿಷಯ ಹೇಳುವಾಗ ಸ್ವಲ್ಪ ತಡವರಿಸಿದೆ. ಅವರು "ಗೊತ್ತು ಸಾರ್" ಅಂದರು ಅಷ್ಟೆ.

ಈಗ ಬ್ರೇಕಿನಲ್ಲಿ ನಾನು ನೀರಿನ ಬಾಟಲಿ ಮುಚ್ಚಳ ತೆಗೆದು ಕೊಡುತ್ತೇನೆ. ಮಾತಿಲ್ಲ. ಅಪ್ಪ ಅಮ್ಮಂದಿರೆಲ್ಲ ಹೀಗೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಗ್ಯಾಲರಿಯಲ್ಲಿ ಎಲ್ಲ ಥರದವರೂ ಇದ್ದಾರೆ. ಮ್ಯಾಚ್ ಪೂರ್ತಿ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳುವ ಒಬ್ಬ ಅಮ್ಮ ಇದ್ದಾರೆ, ಅವರ ಮಗಳು ಸಾಲಾಗಿ ಕಪ್ ಗೆಲ್ಲುತ್ತಾಳೆ. ಮಗ ಸೋತರೆ ಪಾರ್ಕಿಂಗಿನಲ್ಲಿ ಎಲ್ಲರ ಮುಂದೆ ಬೈಯುವ ಅಪ್ಪನೂ ಇದ್ದಾನೆ. ಅವನನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಎರಡು ಜಡೆಯವಳ ಮೇಲೆ ಕೂಗಿದ ಮೇಲೆ ಅವನನ್ನು ಬೈಯಲು ನಾಲಿಗೆ ಅಷ್ಟು ಸಲೀಸಾಗಿ ಏಳುವುದಿಲ್ಲ. ಆದರೂ ಪಾರ್ಕಿಂಗಿನಲ್ಲಿ ಬೈಯುವುದು ತಪ್ಪೇ ಬಿಡಿ.

ಹೋದ ತಿಂಗಳು ಮತ್ತೆ ಅದೇ ಹಾಲ್, ಅದೇ ಸಿಲಿಂಡರ್. ಚೀಟಿ ಹೊಸದಾಗಿತ್ತು, ಯಾರೋ ಕೊನೆಗೂ ತುಂಬಿಸಿದ್ದಾರೆ. ಎರಡನೇ ಸುತ್ತು, ಉದ್ದನೆಯ ಮ್ಯಾಚು. ಮೂರನೇ ಗೇಮಿನಲ್ಲಿ, ನಂಬಿದರೆ ನಂಬಿ ಬಿಟ್ಟರೆ ಬಿಡಿ, 17–19. ಅವಳು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ತಲೆ ಎತ್ತಿ ನೋಡಿದಳು. ನಾನು ಬಿಲ್ ಪುಸ್ತಕ ಎತ್ತಿ ತೋರಿಸಿದೆ. ಅವಳಿಗೆ ನಗು ಬಂತು. ಒಂದು ಪಾಯಿಂಟ್ ತಗೊಂಡಳು, ಇನ್ನೊಂದು ತಗೊಂಡಳು, 19–19. ಆಮೇಲೆ ಎರಡೂ ಹೋಯಿತು.

ಸೋತ ಮೇಲೆ ಅವಳನ್ನು ಕರೆದು ಮುಂದಿನ ಮ್ಯಾಚಿಗೆ ಸ್ಕೋರ್ ಹೇಳಲು ಕೂರಿಸಿದರು. ನಾನು ಅಷ್ಟು ಹೊತ್ತೂ ಅವಳ ಬೆನ್ನ ಹಿಂದೆ ಬೆಂಚಿನ ಮೇಲೆ ಕೂತಿದ್ದೆ. ಯಾರೂ ಕೂಗಲಿಲ್ಲ. ಕೂಗಿದ್ದರೆ ನಾನೇನು ಮಾಡುತ್ತಿದ್ದೆನೋ.

ಈ ಸಲ ಹಳೇ ರಸ್ತೆ ಹಿಡಿದು ಮದ್ದೂರಿನಲ್ಲಿ ನಿಲ್ಲಿಸಿದೆ. ವಡೆ ಬರುವಷ್ಟರಲ್ಲಿ ಅವಳು ಬಿಲ್ ಪುಸ್ತಕ ತೆಗೆದು ತಿರುವಿದಳು. ಕೊನೆಯ ಪುಟದಲ್ಲಿ 17–19 ಆದ ಮೇಲಿನದ್ದು ಖಾಲಿ ಇತ್ತು, ಪೆನ್ ಒತ್ತಿ ಹಾಳೆ ಒಂದು ಕಡೆ ತೂತಾಗಿತ್ತು. "ಇದ್ಯಾಕೆ ಬರೆದಿಲ್ಲ?" ಅಂದಳು. ಮರೆತೆ ಅಂದೆ. ಅವಳು ಪೆನ್ ಕಿತ್ತುಕೊಂಡು ನಾಲ್ಕೂ ಪಾಯಿಂಟ್ ತಾನೇ ತುಂಬಿದಳು. ಎರಡು ತಾನು ಹೊಡೆದದ್ದು, ಒಂದು ನೆ, ಒಂದು ಔ, ಅದರ ಕೆಳಗೊಂದು ಗೆರೆ. ಬ್ಯಾಕ್‌ಹ್ಯಾಂಡು. "ನೀನು ಹೇಳಿದ್ದೂ ಒಂದ್ಸಲ ಸರಿ ಆಯ್ತು ನೋಡು" ಅಂದಳು.

ಆಮೇಲೆ ಪುಟದ ಅಂಚಿನಲ್ಲಿ ಸಣ್ಣದಾಗಿ ಏನೋ ಬರೆದು ನನ್ನ ಕಡೆ ತಿರುಗಿಸಿದಳು. 'ಅಪ್ಪ – ಗೋಡೆ – 2.'

ನನ್ನ ಲೆಕ್ಕದಲ್ಲಿ 3. ಹೇಳಲಿಲ್ಲ.